ಪ್ರಯಾಣಿಕರು ಇಳಿದ ಮೇಲೂ ಹಡಗಿನಲ್ಲಿ ಉಳಿಯುವವರ ಪರವಾಗಿ ಕೇಂದ್ರ ಹಡಗು ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕೇಂದ್ರ ಬಂದರು, ಹಡಗು ಮತ್ತು ಜಲಮಾರ್ಗಗಳ ಸಚಿವರು, ನವದೆಹಲಿ.

ಪ್ರತಿ: ನೌಕಾಯಾನ ಮಹಾನಿರ್ದೇಶಕರು, ಮುಂಬೈ, ಜಿಲ್ಲಾಧಿಕಾರಿಗಳು, ದಾವಣಗೆರೆ ಮತ್ತು ಚಿತ್ರದುರ್ಗ.

ವಿಷಯ: ಮಾರ್ಗ ರದ್ದಾಗಿ ಖಾಲಿಯಾದ ಕ್ರೂಸ್ ಹಡಗುಗಳಲ್ಲಿ ಉಳಿಯುವ ಸಿಬ್ಬಂದಿಯ ಕೆಲಸ, ಸಂಬಳ, ಸುರಕ್ಷತೆ ಮತ್ತು ಮನೆಗೆ ಮರಳುವ ದಿನಾಂಕವನ್ನು ಬರಹದಲ್ಲಿ ಕೊಡಿಸುವ ಕುರಿತು.

ಮಾನ್ಯರೇ,

ದಾವಣಗೆರೆಗೂ ಚಿತ್ರದುರ್ಗಕ್ಕೂ ಸಮುದ್ರವಿಲ್ಲ. ನಮ್ಮ ಕಡೆ ದೊಡ್ಡ ನೀರೆಂದರೆ ಸೂಳೆಕೆರೆ, ವಾಣಿವಿಲಾಸ ಸಾಗರ. ಆದರೂ ಹರಿಹರ, ಜಗಳೂರು, ಹೊಳಲ್ಕೆರೆ, ಹಿರಿಯೂರು ಕಡೆಯ ಮಕ್ಕಳು ಹೋಟೆಲ್ ಮ್ಯಾನೇಜ್‌ಮೆಂಟ್, ಐಟಿಐ, ಡಿಪ್ಲೊಮಾ ಮುಗಿಸಿ ಕ್ರೂಸ್ ಹಡಗು ಹತ್ತುತ್ತಿದ್ದಾರೆ. ಹೌಸ್‌ಕೀಪಿಂಗ್, ಅಡುಗೆಮನೆ, ಲಾಂಡ್ರಿ, ಎಂಜಿನ್ ರೂಮ್, ಡೆಕ್ ಎಲ್ಲ ಕಡೆಯೂ ಇದ್ದಾರೆ. ಈ ಪತ್ರ ಅಂಥವರ ಮತ್ತು ಅವರ ಮನೆಯವರ ಪರವಾಗಿ. ಹಡಗು ತುಂಬಿ ಸಾಗುವಾಗ ಅವರಿಗಿರುವ ಕಷ್ಟಗಳನ್ನು ಇಲ್ಲಿ ಹೇಳುತ್ತಿಲ್ಲ. ಅವು ಗೊತ್ತಿದ್ದೇ ಹೋದವರು ಅವರು. ಹಡಗು ಖಾಲಿಯಾದಾಗ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ, ಆದ ಮೇಲೂ ಹೇಳುವುದಿಲ್ಲ.

ಮಾರ್ಗ ಬದಲಾಗುವುದು, ರದ್ದಾಗುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಜಗತ್ತಿನ ಕ್ರೂಸ್ ಯಾನವೇ ನಿಂತುಹೋಯಿತು. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಹಲವು ಕ್ರೂಸ್ ಕಂಪನಿಗಳು ಸೂಯೆಜ್ ದಾರಿ ಬಿಟ್ಟವು. ಕೆಲವು ಹಡಗುಗಳು ಪ್ರಯಾಣಿಕರಿಲ್ಲದೆ ಗುಡ್‌ಹೋಪ್ ಭೂಶಿರ ಸುತ್ತಿ ಹೋದವು. ಇವಲ್ಲದೆ ಚಂಡಮಾರುತ, ಹಡಗನ್ನು ಮುಂದೂಡುವ ಮೋಟಾರಿನ ದೋಷ, ಬಂದರಿನ ನಿರ್ಬಂಧ ಎಂದು ಕಾರಣಗಳಿಗೆ ಕೊರತೆಯಿಲ್ಲ. ಯಾನ ರದ್ದಾದ ದಿನ ಪ್ರಯಾಣಿಕರ ಕೈಗೆ ಒಂದು ಪತ್ರ ಬರುತ್ತದೆ: ಎಷ್ಟು ಹಣ ವಾಪಸ್, ಯಾವ ವಿಮಾನ, ಎಷ್ಟು ಗಂಟೆಗೆ ಇಳಿಯಬೇಕು, ಎಲ್ಲವೂ ಅದರಲ್ಲಿರುತ್ತದೆ. ಸಿಬ್ಬಂದಿಗೆ ಧ್ವನಿವರ್ಧಕದಲ್ಲಿ ಒಂದು ಘೋಷಣೆ. ಮುಂದಿನದನ್ನು ಆಮೇಲೆ ತಿಳಿಸುತ್ತೇವೆ ಎಂಬಲ್ಲಿಗೆ ಅದು ಮುಗಿಯುತ್ತದೆ.

ಹೊರಗಿನವರಿಗೆ ಅನಿಸಬಹುದು, ಗೆಸ್ಟ್‌ಗಳೇ ಇಲ್ಲದ ಮೇಲೆ ಕೆಲಸವೆಲ್ಲಿ, ತಿಂದುಂಡು ಆರಾಮವಾಗಿರಬಹುದಲ್ಲ ಎಂದು. ನಮ್ಮೂರಿನ ಹತ್ತಿ ಮಿಲ್ಲುಗಳು ನಿಂತಾಗ ಸ್ವಿಚ್ ಆರಿಸಿ ಗೇಟಿಗೆ ಬೀಗ ಹಾಕಿದರು. ಹಡಗನ್ನು ಹಾಗೆ ನಿಲ್ಲಿಸಲು ಬರುವುದಿಲ್ಲ. ದೊಡ್ಡ ಕ್ರೂಸ್ ಹಡಗಿನಲ್ಲಿ ನಾಲ್ಕೈದು ಡೀಸೆಲ್ ಜನರೇಟರ್‌ಗಳಿರುತ್ತವೆ. ನಡೆಯುವುದಕ್ಕೂ ದೀಪಕ್ಕೂ ಎ.ಸಿ.ಗೂ ಕರೆಂಟ್ ಅವುಗಳಿಂದಲೇ. ಜನ ಇಳಿದು ಹಡಗು ಲಂಗರು ಹಾಕಿದ ಮೇಲೆ ಬೇಕಾಗುವ ವಿದ್ಯುತ್ತು ಒಮ್ಮೆಗೇ ಇಳಿಯುತ್ತದೆ. ದೊಡ್ಡ ಡೀಸೆಲ್ ಎಂಜಿನ್ನನ್ನು ಬಹಳ ಕಡಿಮೆ ಲೋಡಿನಲ್ಲಿ ದಿನಗಟ್ಟಲೆ ಓಡಿಸಿದರೆ ಇಂಧನ ಪೂರ್ತಿ ಉರಿಯದೆ ಇಂಜೆಕ್ಟರ್, ಟರ್ಬೊಚಾರ್ಜರ್, ಹೊಗೆ ಕೊಳವೆಗಳಲ್ಲೆಲ್ಲ ಕರಿ ಕಟ್ಟುತ್ತದೆ. ಅದಕ್ಕಾಗಿ ಒಂದನ್ನೇ ಸರಿಯಾದ ಲೋಡಿನಲ್ಲಿ ಓಡಿಸಿ, ಉಳಿದವನ್ನು ಬಿಸಿಯಾಗಿಟ್ಟು, ಸರದಿಯಂತೆ ಬದಲಿಸುತ್ತ ಇರಬೇಕು. ಎ.ಸಿ. ಪೂರ್ತಿ ಆರಿಸಿದರೆ ಕಡಲಿನ ತೇವಕ್ಕೆ ಕಾರ್ಪೆಟ್ಟಿನಡಿ, ಗೋಡೆ ಹಲಗೆಗಳ ಹಿಂದೆ ಬೂಸ್ಟು ಹಿಡಿಯುತ್ತದೆ. ಪ್ರತಿ ಕ್ಯಾಬಿನ್ನಿನ ಫ್ರಿಜ್ ಬಂದ್ ಮಾಡಿ, ಒರೆಸಿ, ಬಾಗಿಲಿಗೆ ಮಡಚಿದ ಟವೆಲ್ ಸಿಕ್ಕಿಸಿ ತೆರೆದಿಡಬೇಕು. ಹಾಸಿಗೆಗಳನ್ನು ಎತ್ತಿ ನಿಲ್ಲಿಸಬೇಕು. ಎ.ಸಿ. ಘಟಕದ ಕೆಳಗಿನ ನೀರಿನ ತಟ್ಟೆ ಕಟ್ಟಿಕೊಂಡಿದೆಯೇ ಎಂದು ನೋಡಬೇಕು.

ಎಲ್ಲಕ್ಕಿಂತ ದೊಡ್ಡ ಕೆಲಸ ನಲ್ಲಿಗಳದ್ದು. ಯಾರೂ ಬಳಸದ ಕ್ಯಾಬಿನ್ನಿನ ಕೊಳವೆಯಲ್ಲಿ ನೀರು ನಿಂತು ಬೆಚ್ಚಗಾಗುತ್ತದೆ. ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ಸುಮಾರು 20ರಿಂದ 45 ಡಿಗ್ರಿ ಸೆಲ್ಸಿಯಸ್ಸಿನ ಇಂಥ ನಿಂತ ನೀರು ಹೇಳಿ ಮಾಡಿಸಿದ ಜಾಗ. ಶವರ್ ಬಿಟ್ಟಾಗ ಏಳುವ ಸಣ್ಣ ಹನಿಗಳನ್ನು ಉಸಿರಾಡಿದರೆ ನ್ಯುಮೋನಿಯಾ ಬರಬಹುದು. ಹಾಗಾಗಿ ವಾರಕ್ಕೊಮ್ಮೆಯಾದರೂ ಪ್ರತಿ ಕ್ಯಾಬಿನ್ನಿಗೆ ಹೋಗಿ, ಶವರಿನ ತಲೆಯನ್ನು ಕೆಳಗಿಳಿಸಿ ನೀರು ಹೋಗುವ ತೂತಿನ ಹತ್ತಿರ ಬಟ್ಟೆ ಸುತ್ತಿ ಇಡಬೇಕು, ಹನಿ ಏಳಬಾರದು. ಬಿಸಿನೀರು, ತಣ್ಣೀರು ಎರಡನ್ನೂ ಸೇರಿ ಐದು ನಿಮಿಷ ಬಿಡಬೇಕು. ಬಿಸಿನೀರು ನಲ್ಲಿಯಲ್ಲಿ 50 ಡಿಗ್ರಿ ಮುಟ್ಟುತ್ತಿದೆಯೇ ಎಂದು ಥರ್ಮಾಮೀಟರ್ ಹಿಡಿದು ನೋಡಬೇಕು. ಕಮೋಡಿನ ಮುಚ್ಚಳ ಹಾಕಿ ಫ್ಲಶ್ ಮಾಡಬೇಕು, ಇಲ್ಲದಿದ್ದರೆ ವ್ಯಾಕ್ಯೂಮ್ ವಾಲ್ವಿನ ರಬ್ಬರ್ ಒಣಗಿ ಇಡೀ ಸಾಲಿನ ಒತ್ತಡ ಬೀಳುತ್ತದೆ. ಕೊನೆಗೆ ರಿಜಿಸ್ಟರಿನಲ್ಲಿ ಸಹಿ. ಒಂದು ಕ್ಯಾಬಿನ್ನಿಗೆ ಎಂಟು ನಿಮಿಷವೆಂದು ಹಿಡಿದರೂ 1,000 ಕ್ಯಾಬಿನ್ನಿಗೆ 133 ಗಂಟೆ. ದಿನಕ್ಕೆ ಹತ್ತು ಗಂಟೆಯಂತೆ ಇಬ್ಬರು ವಾರವಿಡೀ ಇದೊಂದನ್ನೇ ಮಾಡಬೇಕು. ಸ್ಪಾ, ಸಲೂನ್, ಸಾರ್ವಜನಿಕ ಶೌಚಾಲಯಗಳ ನಲ್ಲಿಗಳು ಈ ಲೆಕ್ಕದಲ್ಲಿಲ್ಲ. ಆಳು ಸಾಲದಾದಾಗ ಮೊದಲು ಬಿಟ್ಟುಹೋಗುವುದು ಇದೇ ಕೆಲಸ. ರಿಜಿಸ್ಟರಿನಲ್ಲಿ ಮಾತ್ರ ಸಹಿ ಬೀಳುತ್ತದೆ. ತಿಂಗಳುಗಳಾದ ಮೇಲೆ ಅದೇ ಶವರಿನಡಿ ನಿಲ್ಲುವವರು ಪ್ರಯಾಣಿಕರು.

ನೀರಿನ ಇನ್ನೊಂದು ತೊಡಕಿದೆ. ಹಡಗು ತನ್ನ ಸಿಹಿನೀರಿನ ಬಹುಪಾಲನ್ನು ಸಮುದ್ರದ ನೀರಿನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಬಂದರಿನ ಹತ್ತಿರದ ಕೊಳಕು ನೀರನ್ನು ಅದಕ್ಕೆ ಬಳಸುವಂತಿಲ್ಲ. ಆವಿಯಂತ್ರಕ್ಕೆ ಎಂಜಿನ್ನಿನ ಬಿಸಿ ಬೇಕು; ಲಂಗರಿನಲ್ಲಿ ಒಂದೇ ಜನರೇಟರ್ ಓಡುವಾಗ ಆ ಬಿಸಿ ಸಾಲದು. ಆದ್ದರಿಂದ ಕೆಲವು ದಿನಗಳಿಗೊಮ್ಮೆ ಲಂಗರೆತ್ತಿ ಹೊರಸಮುದ್ರಕ್ಕೆ ಹೋಗಿ ನೀರು ಮಾಡಿಕೊಂಡು ಬರಬೇಕು. ಆಹಾರದ ಕಸಕ್ಕೂ ಇದೇ ಅಡಚಣೆ. ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ನಿಯಮದಂತೆ ಪುಡಿ ಮಾಡಿದ ಆಹಾರ ತ್ಯಾಜ್ಯವನ್ನೂ ತೀರದಿಂದ 3 ನಾಟಿಕಲ್ ಮೈಲಿ ದಾಟದೆ, ಮೆಡಿಟರೇನಿಯನ್ನಿನಂಥ ವಿಶೇಷ ಪ್ರದೇಶಗಳಲ್ಲಿ 12 ಮೈಲಿ ದಾಟದೆ ಬಿಡುವಂತಿಲ್ಲ. ಇಂಧನ ಉಳಿಸಲು ಕಂಪನಿ ಈ ಓಡಾಟ ಕಡಿಮೆ ಮಾಡಿದರೆ ಲಾಂಡ್ರಿಗೆ ಸರದಿ, ಸ್ನಾನಕ್ಕೆ ಗಂಟೆ ಗೊತ್ತುಪಡಿಸುವುದು ಶುರುವಾಗುತ್ತದೆ, ಕಸದ ಕೋಣೆ ತುಂಬುತ್ತದೆ. ದಿನಸಿ ತುಂಬುವುದು ಯಾವ ದಿನ ಯಾವ ಬಂದರು ಎಂಬ ಲೆಕ್ಕದ ಮೇಲೆ. ಆ ಬಂದರು ತಪ್ಪಿದರೆ ಮೊದಲು ಮುಗಿಯುವುದು ಸೊಪ್ಪು, ಹಣ್ಣು, ಹಾಲು, ಮೊಸರು. ಆಮೇಲೆ ಫ್ರೀಜರಿನ ಮಾಂಸ, ಡಬ್ಬಿಯ ಬಟಾಣಿ. ಗೆಸ್ಟ್‌ಗಳಿಗೆಂದು ತಂದ ದುಬಾರಿ ಮೀನು ಇರುತ್ತದೆ, ಸಸ್ಯಾಹಾರಿ ಹುಡುಗನ ತಟ್ಟೆಗೆ ಬೇಳೆ ಇರುವುದಿಲ್ಲ.

ಕೆಲವೊಮ್ಮೆ ಹಡಗು ಪೂರ್ತಿ ಖಾಲಿಯಾಗುವುದೂ ಇಲ್ಲ. 2020ರಲ್ಲಿ ಆರ್ಟಾನಿಯಾ ಎಂಬ ಹಡಗು ಆಸ್ಟ್ರೇಲಿಯಾದಿಂದ ಹೊರಟು ಜೂನ್‌ನಲ್ಲಿ ಜರ್ಮನಿಯ ಬ್ರೆಮರ್‌ಹಾವನ್ ತಲುಪಿದಾಗ ಅದರಲ್ಲಿದ್ದ ಪ್ರಯಾಣಿಕರು ಬೆರಳೆಣಿಕೆಯಷ್ಟು. ಇಂಥ ಹೊತ್ತಿನಲ್ಲಿ ಉಳಿದ ಗೆಸ್ಟ್‌ಗಳನ್ನೆಲ್ಲ ಒಂದೇ ಅಗ್ನಿ ವಲಯದ (ಬೆಂಕಿ ಹರಡದಂತೆ ಬೇರ್ಪಡಿಸಿದ ಭಾಗದ) ಕ್ಯಾಬಿನ್ನುಗಳಿಗೆ ತಂದು, ಒಂದು ರೆಸ್ಟೋರೆಂಟ್, ಒಂದು ಮೆಟ್ಟಿಲ ಸಾಲು ಮಾತ್ರ ತೆರೆದಿಟ್ಟರೆ ಎ.ಸಿ., ಕಾವಲು, ಅಡುಗೆ ಎಲ್ಲವೂ ಹತೋಟಿಗೆ ಬರುತ್ತವೆ. ಸಿಬ್ಬಂದಿಗೂ ಹೀಗೇ ಮಾಡಬಹುದು. ಗೆಸ್ಟ್ ಕ್ಯಾಬಿನ್ನುಗಳು ನೂರಾರು ಖಾಲಿ ಇರುವಾಗಲೂ ನೀರಿನ ಮಟ್ಟಕ್ಕಿಂತ ಕೆಳಗಿನ ಡೆಕ್ಕಿನ ಕಿಟಕಿಯಿಲ್ಲದ ಕೋಣೆಯಲ್ಲಿ ಇಬ್ಬಿಬ್ಬರನ್ನು ಇಡುವುದಕ್ಕೆ ಯಾವ ತಾಂತ್ರಿಕ ಕಾರಣವೂ ಇಲ್ಲ. 2020ರಲ್ಲಿ ಹಲವು ಹಡಗುಗಳು ಸಿಬ್ಬಂದಿಗೆ ಗೆಸ್ಟ್ ಕ್ಯಾಬಿನ್ ಕೊಟ್ಟವು, ಅದರಿಂದ ಯಾರಿಗೂ ಏನೂ ನಷ್ಟವಾಗಲಿಲ್ಲ.

ಈಗ ಸುರಕ್ಷತೆಯ ಮಾತಿಗೆ ಬರುತ್ತೇವೆ. ಇದನ್ನು ದಯವಿಟ್ಟು ನಿಧಾನವಾಗಿ ಓದಬೇಕೆಂದು ವಿನಂತಿ. ಹಡಗಿನ ನಿಯಮಗಳಲ್ಲಿ ರಕ್ಷಣೆ ನಿಂತಿರುವುದು ತಲೆ ಎಣಿಕೆಯ ಮೇಲೆ. 12ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಮಾತ್ರ ಕಡಲಿನಲ್ಲಿ ಜೀವರಕ್ಷಣೆಯ ಸೋಲಾಸ್ ಒಪ್ಪಂದದ ಪ್ರಕಾರ ಅದು ಪ್ರಯಾಣಿಕ ಹಡಗು. 36ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಬೆಂಕಿ ಗಸ್ತು ಕಡ್ಡಾಯ. 2006ರ ಕಡಲ ಕಾರ್ಮಿಕ ಒಪ್ಪಂದದಂತೆ 100 ಅಥವಾ ಹೆಚ್ಚು ಜನರಿದ್ದು, ಮೂರು ದಿನಕ್ಕಿಂತ ದೀರ್ಘವಾದ ಅಂತರರಾಷ್ಟ್ರೀಯ ಯಾನವಾದರೆ ಮಾತ್ರ ವೈದ್ಯರು ಇರಲೇಬೇಕು. ಜನ ಇಳಿದಂತೆ ಈ ಒಂದೊಂದು ಕಟ್ಟುಪಾಡೂ ಸಡಿಲವಾಗುತ್ತದೆ. ಆದರೆ ಉಳಿದವರು ಕಾಯಬೇಕಾದ ಉಕ್ಕಿನ ಮೈ ಅಷ್ಟೇ ದೊಡ್ಡದು: ಅಷ್ಟೇ ಡೆಕ್ಕುಗಳು, ಅಷ್ಟೇ ವೈರಿಂಗು, ಅಷ್ಟೇ ಟ್ಯಾಂಕುಗಳು. ತೊಂಬತ್ತು ಜನರಿರುವ ಹಡಗಿನಲ್ಲಿ ಒಬ್ಬನಿಗೆ ಹೊಟ್ಟೆನೋವು ಬಂದು ಅದು ಅಪೆಂಡಿಸೈಟಿಸ್ ಆದರೆ ವೈದ್ಯರಿಲ್ಲ, ಹತ್ತಿರ ಬಂದರಿಲ್ಲ.

ಇದರ ಜೊತೆಗೆ ಮಸ್ಟರ್ ಲಿಸ್ಟ್. ಬೆಂಕಿ ಬಿದ್ದಾಗ, ಹಡಗು ಬಿಡಬೇಕಾದಾಗ ಯಾರು ಎಲ್ಲಿ ನಿಲ್ಲಬೇಕೆಂಬ ಪಟ್ಟಿ ಅದು. ತುಂಬಿದ ಹಡಗಿನಲ್ಲಿ ಒಬ್ಬ ರೂಮ್ ಬಾಯ್ ಕೆಲಸ ಮೆಟ್ಟಿಲ ಬಳಿ ಹಳದಿ ಟೋಪಿ ಹಾಕಿ ಜನರಿಗೆ ದಾರಿ ತೋರುವುದಿರುತ್ತದೆ. 1,000 ಸಿಬ್ಬಂದಿಯಲ್ಲಿ 900 ಮಂದಿ ಮನೆಗೆ ಹೋದ ಮೇಲೆ ಆ ಹುಡುಗನೇ ಹೋಸ್ ಹಿಡಿಯುವ ತಂಡಕ್ಕೆ ಬರಬೇಕಾಗುತ್ತದೆ, ಲೈಫ್‌ಬೋಟಿನ ಕೊಕ್ಕೆ ಬಿಡಿಸುವ ಜಾಗಕ್ಕೆ ಬರಬೇಕಾಗುತ್ತದೆ. ಕೊಕ್ಕೆ ಬಿಡಿಸುವುದು ಆಟದ ಮಾತಲ್ಲ. ಮುಂದಿನದು, ಹಿಂದಿನದು ಎರಡೂ ಒಟ್ಟಿಗೆ ಬಿಡದಿದ್ದರೆ ದೋಣಿ ಒಂದು ತುದಿಯಲ್ಲಿ ಜೋತುಬಿದ್ದು ಒಳಗಿದ್ದವರು ನೀರಿಗೆ ಬೀಳುತ್ತಾರೆ. ಲೈಫ್‌ಬೋಟನ್ನು ಮೂರು ತಿಂಗಳಿಗೊಮ್ಮೆ ನೀರಿಗಿಳಿಸಿ ಓಡಿಸಬೇಕೆಂಬ ನಿಯಮವಿದೆ. ಹೊಸ ಪಟ್ಟಿ ಬಂದ ದಿನವೇ ಹೊಸ ಜಾಗದ ತರಬೇತಿ ಕೊಡಬೇಕೆಂಬುದೂ ಅಷ್ಟೇ ಗಟ್ಟಿಯಾಗಿ ನಡೆಯಬೇಕು. ಹಳೆಯ ಕ್ಯಾಬಿನ್ ಕಾರ್ಡಿನ ಮೇಲೆ ಹಳೆಯ ಮಸ್ಟರ್ ನಂಬರ್ ಇಟ್ಟುಕೊಂಡೇ ವಾರಗಟ್ಟಲೆ ಸಾಗುವ ಹಡಗುಗಳಿವೆ.

ಕೆಲಸವೂ ಬದಲಾಗುತ್ತದೆ. ವೇಟರ್ ಹಡಗು ಹತ್ತಿಳಿಯುವ ಗ್ಯಾಂಗ್‌ವೇ ಕಾವಲಿಗೆ, ಬಾರ್ ಹುಡುಗ ಡೆಕ್ಕಿನ ತುಕ್ಕು ಕೆರೆಯಲು, ಸ್ಪಾದ ಹುಡುಗಿ ದಾಸ್ತಾನು ಎಣಿಸಲು. ಇದರಲ್ಲಿ ತಪ್ಪೇನಿಲ್ಲ, ಹಡಗೆಂದರೆ ಎಲ್ಲರೂ ಕೈ ಹಾಕುವ ಜಾಗ. ಆದರೆ ತುಕ್ಕು ಕೆರೆಯುವವನಿಗೆ ಕಣ್ಣಿನ ಕನ್ನಡಕ, ಕಿವಿಯ ರಕ್ಷಣೆ, ಎತ್ತರಕ್ಕೆ ಬೆಲ್ಟು ಬೇಕು. ವಿಶ್ರಾಂತಿಯ ನಿಯಮ ಅವನಿಗೂ ಅನ್ವಯ: 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, 7 ದಿನದಲ್ಲಿ ಕನಿಷ್ಠ 77 ಗಂಟೆ, ಅದರಲ್ಲಿ ಒಂದು ತುಂಡು ಆರು ಗಂಟೆಗಿಂತ ಕಡಿಮೆಯಾಗಬಾರದು. ಎರಡು ವಿಭಾಗಗಳಿಗೆ ಹಂಚಿಹೋದವನ ಗಂಟೆಗಳನ್ನು ಎರಡೂ ಕಡೆ ಬೇರೆ ಬೇರೆ ಬರೆದುಕೊಳ್ಳುತ್ತಾರೆ, ಕೂಡಿಸುವವರಿಲ್ಲ.

ಸಂಬಳದ ವಿಷಯದಲ್ಲಿ ನಮ್ಮ ಮನೆಗಳು ಹೆಚ್ಚು ಪೆಟ್ಟು ತಿನ್ನುತ್ತವೆ. ಹೋಟೆಲ್ ವಿಭಾಗದ ಹಲವು ಕಾಂಟ್ರ್ಯಾಕ್ಟುಗಳಲ್ಲಿ ಮೂಲ ವೇತನ ಸಣ್ಣದು, ದೊಡ್ಡ ಪಾಲು ಗೆಸ್ಟ್‌ಗಳು ಕೊಡುವ ಗ್ರಾಚ್ಯುಯಿಟಿಯದು, ಅಂದರೆ ಟಿಪ್ಸಿನದು. ಕೊನೆಯ ಪ್ರಯಾಣಿಕ ಇಳಿದ ದಿನವೇ ಆ ಪಾಲು ಸೊನ್ನೆ. ಕೆಲವು ಕಂಪನಿಗಳು ಖಾತ್ರಿ ಮೊತ್ತ ಕೊಡುತ್ತವೆ. ಕೆಲವು ಸಿಬ್ಬಂದಿಯನ್ನು ಕೆಲಸವಿಲ್ಲದವರ ಪಟ್ಟಿಗೆ ಸೇರಿಸಿ ಊಟ ವಸತಿ ಮಾತ್ರ ಕೊಡುತ್ತವೆ, ಆ ಪಟ್ಟಿಯಲ್ಲಿರುವವರಿಂದಲೇ ಗಸ್ತು, ನಲ್ಲಿ ಬಿಡುವ ಕೆಲಸ ಮಾಡಿಸುವುದೂ ಇದೆ. ಕಡಲ ಕಾರ್ಮಿಕ ಒಪ್ಪಂದದಂತೆ ಸಂಬಳ ತಿಂಗಳಿಗೊಮ್ಮೆಯಾದರೂ ಕೈಸೇರಬೇಕು, ಲೆಕ್ಕದ ಚೀಟಿ ಕೊಡಬೇಕು, ಮನೆಗೆ ಹಣ ಕಳಿಸುವ ವ್ಯವಸ್ಥೆ ಇರಬೇಕು. ಎರಡು ತಿಂಗಳು ಸಂಬಳ ಕೊಡದೆ ಸಂಬಂಧ ಕಡಿದುಕೊಂಡರೆ ಅದು ಕೈಬಿಟ್ಟಂತೆ; 2017ರ ಜನವರಿಯಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳವನ್ನೂ ಊರಿಗೆ ಕಳಿಸುವ ಖರ್ಚನ್ನೂ ವಿಮೆ ಕೊಡಬೇಕು. ಅದರ ಪ್ರಮಾಣಪತ್ರ ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿರಬೇಕು. ಸಿಬ್ಬಂದಿ ಮೆಸ್ಸಿನ ಬೋರ್ಡಿನಲ್ಲಿ ಅದನ್ನು ಹುಡುಕಿ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ ಎಂದು ಹೊರಡುವ ಪ್ರತಿಯೊಬ್ಬರಿಗೂ ಹೇಳಬೇಕಿದೆ. ಇಲ್ಲಿ ಕೋರ್ಸಿಗೆಂದು ಸೊಸೈಟಿಯಲ್ಲಿ, ಚಿನ್ನದ ಮೇಲೆ ತಂದ ಸಾಲದ ಕಂತು ಗೆಸ್ಟ್ ಬರಲಿ ಬಿಡಲಿ ನಿಲ್ಲುವುದಿಲ್ಲ.

ಸೈನ್-ಆಫ್, ಅಂದರೆ ಕೆಲಸ ಮುಗಿಸಿ ಹಡಗಿನಿಂದ ಇಳಿಯುವುದು, ಮತ್ತೊಂದು ಗೋಜಲು. ಬಾರ್ಸಿಲೋನಾದಲ್ಲಿ ಇಳಿಯಬೇಕಿದ್ದವನ ಹಡಗು ಕೇಪ್‌ಟೌನಿಗೆ ಹೋದರೆ ವೀಸಾ ಬೇರೆ, ಸ್ಥಳೀಯ ಏಜೆಂಟ್ ಬೇರೆ, ವಿಮಾನ ಬೇರೆ. ಪಾಸ್‌ಪೋರ್ಟ್ ಮತ್ತು ಸಿ.ಡಿ.ಸಿ. (ನಾವಿಕನ ಗುರುತು, ಸೇವೆಯ ದಾಖಲೆಯ) ಪುಸ್ತಕ ಹಡಗಿನ ಕಚೇರಿಯಲ್ಲಿರುತ್ತವೆ. ಅವಸರದಲ್ಲಿ ಇಳಿಸುವಾಗ ಸಿ.ಡಿ.ಸಿ.ಯಲ್ಲಿ ಇಳಿದ ದಿನಾಂಕ, ಮುದ್ರೆ ಬೀಳದೆ ಹೋಗುತ್ತವೆ. ಮುಂದೆ ಸಮುದ್ರ ಸೇವೆಯ ಲೆಕ್ಕಕ್ಕೂ, ಆದಾಯ ತೆರಿಗೆಯಲ್ಲಿ ಅನಿವಾಸಿಯೇ ಎಂದು ತೀರ್ಮಾನಿಸುವ 182 ದಿನಗಳ ಲೆಕ್ಕಕ್ಕೂ ಅದೇ ದಾಖಲೆ. ಅದಿಲ್ಲದೆ ಹುಡುಗ ಹರಿಹರದ ಮನೆಯಿಂದ ವಿದೇಶದ ಕಂಪನಿಗೆ ಇ-ಮೇಲ್ ಬರೆಯುತ್ತ ಕೂರಬೇಕು.

ಮನಸ್ಸು ಮಾಡಿದರೆ ಸರ್ಕಾರಕ್ಕೆ ದಾರಿ ಗೊತ್ತು. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ನಡುವೆಯೇ ನಾವಿಕರ ಸೈನ್-ಆಫ್‌ಗೆ ಕಾರ್ಯವಿಧಾನ ಹೊರಬಿತ್ತು. ಅದಾದ ಕೆಲವೇ ದಿನಗಳಲ್ಲಿ ಮರೆಲ್ಲಾ ಡಿಸ್ಕವರಿ ಹಡಗಿನ 140ಕ್ಕೂ ಹೆಚ್ಚು ಭಾರತೀಯರು ಮುಂಬೈಯಲ್ಲಿ ಇಳಿದರು. ಭಾರತ ಕಡಲ ಕಾರ್ಮಿಕ ಒಪ್ಪಂದವನ್ನು 2015ರ ಅಕ್ಟೋಬರ್‌ನಲ್ಲಿ ಅಂಗೀಕರಿಸಿದೆ. ಆದ್ದರಿಂದ ನಾವು ಕೇಳುವುದು ತೀರ ಹೊಸದೇನಲ್ಲ.

ಮುಖ್ಯವಾಗಿ ಬೇಕಿರುವುದು ಒಂದು ಹಾಳೆ. ಯಾನ ರದ್ದಾದ 72 ಗಂಟೆಯೊಳಗೆ ಹಡಗಿನಲ್ಲಿ ಉಳಿಯುವ ಪ್ರತಿಯೊಬ್ಬ ಭಾರತೀಯ ನೌಕರನ ಕೈಗೆ ಅವನ ಹೊಸ ಕೆಲಸ, ದಿನದ ಗಂಟೆಗಳು, ಆ ತಿಂಗಳ ಸಂಬಳ, ಹೊಸ ಮಸ್ಟರ್ ಜಾಗ, ಇಳಿಯುವ ಬಂದರು ಮತ್ತು ಅಂದಾಜು ದಿನಾಂಕ ಬರೆದ ಪತ್ರ ಸಿಗಬೇಕು. ಆರ್.ಪಿ.ಎಸ್.ಎಲ್. (ನಾವಿಕರ ನೇಮಕಾತಿಗೆ ಸರ್ಕಾರ ಕೊಡುವ) ಪರವಾನಗಿ ಪಡೆದ ನೇಮಕಾತಿ ಏಜೆನ್ಸಿ ಅದರ ಪ್ರತಿಯನ್ನು ಮಹಾನಿರ್ದೇಶನಾಲಯದ ಜಾಲತಾಣಕ್ಕೆ ಹಾಕಬೇಕು, ನೌಕರ ಸೂಚಿಸಿದ ಮನೆಯವರ ಮೊಬೈಲಿಗೂ ಕಳಿಸಬೇಕು. ಕರ್ನಾಟಕದವರಿಗೆ ಕನ್ನಡದಲ್ಲೇ ಕಳಿಸಬೇಕು. ದಿನಾಂಕ ಬದಲಾದರೆ ಮತ್ತೆ ಬರೆದು ಕೊಡಬೇಕು. ಪರವಾನಗಿ ನವೀಕರಣಕ್ಕೆ ಇದನ್ನು ಷರತ್ತಾಗಿ ಇಟ್ಟರೆ ಮೂರು ತಿಂಗಳಲ್ಲಿ ರೂಢಿಯಾಗುತ್ತದೆ.

ಗ್ರಾಚ್ಯುಯಿಟಿ ಅವಲಂಬಿಸಿದ ಹುದ್ದೆಗಳ ಕಾಂಟ್ರ್ಯಾಕ್ಟಿನಲ್ಲಿ ಗೆಸ್ಟ್ ಇಲ್ಲದ ದಿನಗಳ ಸಂಬಳ ಎಷ್ಟೆಂಬ ಸಾಲು ಇಲ್ಲದಿದ್ದರೆ ಅದನ್ನು ಒಪ್ಪಬಾರದು. ಕೆಲಸ ಮಾಡಿಸಿದ ಯಾರನ್ನೂ ಕೆಲಸವಿಲ್ಲದವರ ಪಟ್ಟಿಯಲ್ಲಿ ಇಡಬಾರದು. ವೈದ್ಯರ ವಿಷಯದಲ್ಲಿ, ಜನ ನೂರಕ್ಕಿಂತ ಕಡಿಮೆಯಾದರೂ ಪ್ರಯಾಣಿಕ ಹಡಗುಗಳಲ್ಲಿ ವೈದ್ಯರು ಇರಲೇಬೇಕೆಂದು ಭಾರತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯಲ್ಲಿ ಪ್ರಸ್ತಾಪಿಸಬೇಕು. ಬೆಂಕಿ ಗಸ್ತಿನ ಬಗ್ಗೆ ಅಂತರರಾಷ್ಟ್ರೀಯ ಕಡಲ ಸಂಘಟನೆಯಲ್ಲಿ ಅದೇ ಮಾತು ಎತ್ತಬೇಕು. ಸಿಬ್ಬಂದಿಗೆ ಇಂಟರ್ನೆಟ್ ಒದಗಿಸಬೇಕೆಂಬ ತಿದ್ದುಪಡಿ 2024ರ ಡಿಸೆಂಬರ್ 23ರಿಂದ ಜಾರಿಯಲ್ಲಿದೆ. ಪ್ರಯಾಣಿಕರಿಲ್ಲವೆಂದು ಪ್ಯಾಕೇಜ್ ಕಡಿತ ಮಾಡುವ ಹಡಗುಗಳ ಬಗ್ಗೆ ಬಂದ ದೂರನ್ನು ದಯವಿಟ್ಟು ಸಣ್ಣದೆಂದು ಬದಿಗಿಡಬೇಡಿ. ಮನೆಯವರಿಗೆ ಸುದ್ದಿ ತಿಳಿಯಲು ಇಂಟರ್ನೆಟ್ ಒಂದೇ ದಾರಿ.

ಜಿಲ್ಲಾಧಿಕಾರಿಗಳಲ್ಲಿ ಒಂದು ವಿನಂತಿ. ದೂರು ಕೊಡಲು ನಮ್ಮ ಕಡೆಯ ತಾಯಿ ತಂದೆ ಮುಂಬೈಗೆ ಹೋಗಲಾರರು. ಮಂಗಳೂರಿನ ಮರ್ಕೆಂಟೈಲ್ ಮರೀನ್ ಕಚೇರಿಯ (ನೌಕಾಯಾನ ಮಹಾನಿರ್ದೇಶನಾಲಯದ ಅಧೀನ ಕಚೇರಿಯ) ಅಧಿಕಾರಿಯೊಬ್ಬರು ಮೂರು ತಿಂಗಳಿಗೊಮ್ಮೆ ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಒಂದೊಂದು ದಿನ ಕೂರುವಂತೆ ಪತ್ರ ಬರೆಯಿರಿ. ಅದೇ ದಿನ ಹೊಸದಾಗಿ ಹೊರಡುವವರಿಗೂ ಮಾಹಿತಿ ಕೊಡಿಸಿ: ಏಜೆನ್ಸಿಯ ಪರವಾನಗಿ ಸಂಖ್ಯೆಯನ್ನು ಜಾಲತಾಣದಲ್ಲಿ ತಾಳೆ ನೋಡುವುದು ಹೇಗೆ, ಮೆಡಿಕಲ್, ಪಾಸ್‌ಪೋರ್ಟ್, ಸಿ.ಡಿ.ಸಿ. ಖರ್ಚು ಬಿಟ್ಟು ಕೆಲಸ ಕೊಡಿಸಲು ಹಣ ಕೇಳುವಂತಿಲ್ಲ ಎಂಬ ನಿಯಮ ಏನು ಹೇಳುತ್ತದೆ, ಕಾಂಟ್ರ್ಯಾಕ್ಟಿನ ಯಾವ ಪುಟ ಓದದೆ ಸಹಿ ಮಾಡಬಾರದು. ನಮ್ಮೂರುಗಳಲ್ಲಿ ಲಕ್ಷಗಟ್ಟಲೆ ಕೇಳುವ ದಲ್ಲಾಳಿಗಳು ಈಗಲೂ ಓಡಾಡುತ್ತಿದ್ದಾರೆ.

72 ಗಂಟೆಯ ಹಾಳೆಯ ನಮೂನೆ ಸಿದ್ಧಪಡಿಸುವಾಗ ನಮ್ಮನ್ನು ಕರೆದರೆ ಹೋಟೆಲ್, ಡೆಕ್, ಎಂಜಿನ್ ಮೂರೂ ವಿಭಾಗದವರು ಬಂದು ಕೂರುತ್ತೇವೆ. ಸುತ್ತೋಲೆಯ ಕರಡನ್ನು ಕನ್ನಡದಲ್ಲೂ ಪ್ರಕಟಿಸಿ, ಆಕ್ಷೇಪ ಸಲಹೆಗಳಿಗೆ ಕನಿಷ್ಠ ಒಂದು ತಿಂಗಳು ಕೊಡಬೇಕೆಂದು ಕೋರುತ್ತೇವೆ. ಹಡಗಿನಲ್ಲಿರುವವರಿಗೆ ಅದನ್ನು ಓದಿ ಉತ್ತರ ಕಳಿಸಲು ಅಷ್ಟು ಸಮಯ ಬೇಕಾಗುತ್ತದೆ.

ಗೌರವಪೂರ್ವಕವಾಗಿ,

ಕ್ರೂಸ್ ಹಡಗುಗಳಲ್ಲಿ ದುಡಿದ, ದುಡಿಯುತ್ತಿರುವ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳವರು ಮತ್ತು ಅವರ ಕುಟುಂಬದವರು